ಇನ್ಹೇಲರ್ ಜೊತೆಗೆ ವಾಲ್ವ್ ಇರುವ ಸ್ಪೇಸರ್: ಕೊಳ್ಳಬೇಕಾದ ವಸ್ತುವೇ

ಪಂಪ್ ಇನ್ಹೇಲರ್ ಒತ್ತಿದಾಗ ಔಷಧ ರಭಸದಿಂದ ಚಿಮ್ಮುತ್ತದೆ, ದೊಡ್ಡ ಹನಿಗಳು ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತವೆ. ಶ್ವಾಸಕೋಶದ ಆಳಕ್ಕೆ ಚೆನ್ನಾಗಿ ಇಳಿಯುವುದು ಸುಮಾರು 1ರಿಂದ 5 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್) ಗಾತ್ರದ ಕಣಗಳು. ಇನ್ಹೇಲರ್ ಮತ್ತು ಬಾಯಿಯ ನಡುವೆ ಜೋಡಿಸುವ ಟೊಳ್ಳು ಕೊಳವೆಯಾದ ಸ್ಪೇಸರ್ ಆ ರಭಸ ತಗ್ಗಿಸಿ, ದಪ್ಪ ಹನಿಗಳನ್ನು ತನ್ನಲ್ಲೇ ಹಿಡಿದಿಡುತ್ತದೆ. ಒತ್ತುವುದನ್ನೂ ಉಸಿರೆಳೆಯುವುದನ್ನೂ ಒಂದೇ ಕ್ಷಣಕ್ಕೆ ಹೊಂದಿಸಲಾಗದ ಮಕ್ಕಳಿಗೆ, ವಯಸ್ಸಾದವರಿಗೆ ಇದು ನಿಜಕ್ಕೂ ದೊಡ್ಡ ಆಸರೆ.

ವಾಲ್ವ್, ಅಂದರೆ ಉಸಿರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ, ಇರುವುದನ್ನೇ ಆರಿಸಿ. ಇಲ್ಲದಿದ್ದರೆ ಬಿಟ್ಟ ಉಸಿರು ಔಷಧವನ್ನು ಹೊರಗೆ ತಳ್ಳುತ್ತದೆ. ಪುಟ್ಟ ಮಕ್ಕಳಿಗೆ ಮಾಸ್ಕ್ ಬೇಕು. ಅದು ಮೂಗು, ಬಾಯಿಯ ಸುತ್ತ ಬಿಗಿಯಾಗಿ ಕೂರದಿದ್ದರೆ ಔಷಧ ಪಕ್ಕದಿಂದ ಸೋರಿಹೋಗುತ್ತದೆ.

ಇನ್ಹೇಲರ್ ಕುಲುಕಿ, ಒಮ್ಮೆ ಮಾತ್ರ ಒತ್ತಿ, ನಿಧಾನವಾಗಿ ಆಳಕ್ಕೆ ಎಳೆದು 10 ಸೆಕೆಂಡ್ ಉಸಿರು ಹಿಡಿಯಿರಿ. ಅದಾಗದಿದ್ದರೆ ಐದು ಸಹಜ ಉಸಿರು ಸಾಕು. ಎರಡು ಪಫ್ ಒಟ್ಟಿಗೆ ತುಂಬಿದರೆ ಒಳಹೋಗುವ ಔಷಧ ಕಡಿಮೆಯಾಗುತ್ತದೆ. 30ರಿಂದ 60 ಸೆಕೆಂಡ್ ಬಿಟ್ಟು, ಮತ್ತೆ ಕುಲುಕಿ ಒತ್ತಿ.

ಸಾಮಾನ್ಯ ಪ್ಲಾಸ್ಟಿಕ್ ಸ್ಪೇಸರಿನ ದೊಡ್ಡ ಕೊರತೆ ಸ್ಥಾಯಿ ವಿದ್ಯುತ್ತು: ಸಣ್ಣ ಕಣಗಳೂ ಗೋಡೆಗೆ ಅಂಟುತ್ತವೆ. ಇದನ್ನು ತಗ್ಗಿಸಲು ಸ್ಪೇಸರನ್ನು ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಒರೆಸದೆ ಗಾಳಿಗೆ ಒಣಗಿಸಿ. ಬಟ್ಟೆ ತಾಗಿಸಿದರೆ ವಿದ್ಯುತ್ತು ಮತ್ತೆ ಹುಟ್ಟುತ್ತದೆ. ಆಂಟಿಸ್ಟ್ಯಾಟಿಕ್ (ಸ್ಥಾಯಿ ವಿದ್ಯುತ್ತು ತಡೆಯುವ) ಮಾದರಿಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ವಾಲ್ವ್ ಸೆಟೆದುಕೊಂಡರೆ ಅಥವಾ ಬಿರುಕು ಬಿಟ್ಟರೆ ಹೊಸದನ್ನೇ ತನ್ನಿ.