ಮೆಮೊರಿಯ ಮಿತಿ ಏರಿಸಲು ಹೊರಟಾಗ: ಫರ್ಮ್‌ವೇರ್ ಅಪ್‌ಡೇಟ್ ಮತ್ತು ಎಸ್‌ಎಸ್‌ಡಿ

ಹಳೆಯ ಕಂಪ್ಯೂಟರಿಗೆ ಮರುಜೀವ ಕೊಡಲು ನಾನು ಹೂಡಿದ ಹಣದಲ್ಲಿ ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಕಡತ ಉಳಿಸುವ ಡಿಸ್ಕಿಗೆ) ಕೊಟ್ಟದ್ದು ಮಾತ್ರ ಪೂರ್ತಿ ಸಾರ್ಥಕವಾಯಿತು. ಫರ್ಮ್‌ವೇರ್ (ಯಂತ್ರದೊಳಗೇ ಬರೆದಿಟ್ಟ ಮೂಲ ತಂತ್ರಾಂಶ) ಅಪ್‌ಡೇಟನ್ನು ನಂಬಿ ಕೊಂಡ ಮೆಮೊರಿಯಲ್ಲಿ ಸ್ವಲ್ಪ ಭಾಗ ಇಂದಿಗೂ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಪ್ರಯೋಗಕ್ಕೆ ಒಳಗಾದವು ಇಂಟೆಲ್ 945ಜಿಎಂ ಚಿಪ್‌ಸೆಟ್ (ಪ್ರೊಸೆಸರನ್ನು ಮೆಮೊರಿ ಮತ್ತಿತರ ಭಾಗಗಳಿಗೆ ಜೋಡಿಸುವ ಚಿಪ್‌ಗಳು) ಇರುವ ಒಂದು ಲ್ಯಾಪ್‌ಟಾಪ್ ಮತ್ತು ಪಿ965 ಚಿಪ್‌ಸೆಟ್ ಇರುವ ಒಂದು ಡೆಸ್ಕ್‌ಟಾಪ್. ಎರಡೂ 2006ರ ಆಸುಪಾಸಿನ ಪೀಳಿಗೆಯವು, ಎರಡಕ್ಕೂ ಡಿಡಿಆರ್2 ಎಂಬ ಹಳೆಯ ಬಗೆಯ ಮೆಮೊರಿಯೇ ಬೇಕು.

ಲ್ಯಾಪ್‌ಟಾಪಿನಲ್ಲಿ 2 ಜಿಬಿಯ ಎರಡು ಮಾಡ್ಯೂಲ್ ಕೂರಿಸಿದರೂ ಬಳಕೆಗೆ ಸಿಕ್ಕಿದ್ದು ಸುಮಾರು 3 ಜಿಬಿ ಮಾತ್ರ. ತಯಾರಕರ ಕೊನೆಯ ಬಯೋಸ್ (ಕಂಪ್ಯೂಟರನ್ನು ಚಾಲೂ ಮಾಡುವ ಫರ್ಮ್‌ವೇರ್) ಹಾಕಿದ ಮೇಲೂ ಆ ಅಂಕಿ ಕದಲಲಿಲ್ಲ, ಕದಲುವಂತೆಯೂ ಇರಲಿಲ್ಲ. 945ಜಿಎಂ ಗುರುತಿಸಬಲ್ಲ ವಿಳಾಸಗಳು 32 ಬಿಟ್‌ಗಳಷ್ಟೇ, ಅಂದರೆ ಒಟ್ಟು 4 ಜಿಬಿ. ಅದರ ಮೇಲ್ತುದಿಯ ಒಂದಷ್ಟು ಜಾಗವನ್ನು ಗ್ರಾಫಿಕ್ಸ್, ನೆಟ್‌ವರ್ಕ್ ಮುಂತಾದ ಸಾಧನಗಳು ಆಕ್ರಮಿಸಿಕೊಳ್ಳುತ್ತವೆ, ಅವುಗಳ ಅಡಿಯಲ್ಲಿ ಹೂತುಹೋದ ಮೆಮೊರಿಯನ್ನು ಬೇರೆಡೆಗೆ ಸಾಗಿಸಲು 4 ಜಿಬಿಯಿಂದಾಚೆಗೆ ವಿಳಾಸವೇ ಇಲ್ಲ. ಇಲ್ಲದ ತಂತಿಯನ್ನು ಯಾವ ಫರ್ಮ್‌ವೇರೂ ಎಳೆಯಲಾರದು ಎಂಬುದು ನನಗೆ ತಿಳಿದದ್ದು ಹಣ ಕೊಟ್ಟ ನಂತರ.

ಡೆಸ್ಕ್‌ಟಾಪಿನ ಕಥೆ ಬೇರೆ. ಪಿ965 ಚಿಪ್‌ಸೆಟ್ 8 ಜಿಬಿವರೆಗೂ ಒಪ್ಪುತ್ತದೆ, ಮುಚ್ಚಿಹೋದ ತುಣುಕನ್ನು 4 ಜಿಬಿಯ ಮೇಲಿನ ವಿಳಾಸಕ್ಕೆ ಸರಿಸುವ ಮೆಮೊರಿ ರೀಮ್ಯಾಪ್ ಸೌಲಭ್ಯವೂ ಅದಕ್ಕಿದೆ. ಆದರೆ ನನ್ನ ಮದರ್‌ಬೋರ್ಡಿನ ಹಳೆಯ ಬಯೋಸ್ ಆ ಸೌಲಭ್ಯವನ್ನು ಬಳಸಿಕೊಂಡಿರಲಿಲ್ಲ. ಹೀಗಾಗಿ 4 ಜಿಬಿ ಹಾಕಿ 64 ಬಿಟ್‌ನ ವಿಂಡೋಸ್ 7 ನಡೆಸಿದರೂ ಕಾಣುತ್ತಿದ್ದದ್ದು 3.2 ಜಿಬಿ. ಇಲ್ಲಿ ಮಿತಿಯನ್ನು ಹಾಕಿದ್ದೇ ಫರ್ಮ್‌ವೇರ್ ಆದ್ದರಿಂದ ಅದನ್ನು ತೆಗೆಯುವುದೂ ಫರ್ಮ್‌ವೇರಿನಿಂದ ಸಾಧ್ಯವಿತ್ತು.

ಸಾಧ್ಯವಿತ್ತು, ಸುಲಭವಿರಲಿಲ್ಲ. ಹೊಸ ಬಯೋಸ್ ಬರೆದು ಮುಗಿದ ಮೇಲೆ ಕಂಪ್ಯೂಟರ್ ಎಂದಿನಂತೆ ಲೋಗೋ ತೋರಿಸಿತು, ವಿಂಡೋಸ್ ಲೋಡ್ ಆಗಲು ತೊಡಗಿತು, ಅಷ್ಟರಲ್ಲೇ ನೀಲಿ ಪರದೆಯೊಂದು ಮಿಂಚಿ ಮರೆಯಾಗಿ ಎಲ್ಲವೂ ಮತ್ತೆ ಮೊದಲಿನಿಂದ ಆರಂಭವಾಯಿತು. ಅಪ್‌ಡೇಟ್ ಕೆಟ್ಟಿದೆ ಎಂದು ಭಾವಿಸಿ ಅದನ್ನೇ ಇನ್ನೊಮ್ಮೆ ಬರೆದೆ. ಹೊಸ ಮಾಡ್ಯೂಲುಗಳ ಮೇಲೆ ಗುಮಾನಿ ಬಂದು ಒಂದೊಂದನ್ನೇ ಕಿತ್ತು, ಜಾಗ ಬದಲಿಸಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಿಸಿದೆ. ಒಂದೇ ಒಂದು ದೋಷವೂ ಸಿಗಲಿಲ್ಲ.

ಮರುದಿನ ನೀಲಿ ಪರದೆಯ ಫೋಟೋ ತೆಗೆದು, ಅದರಲ್ಲಿದ್ದ 0x0000007ಬಿ ಎಂಬ ಸಂಕೇತವನ್ನು ಓದಿದಾಗ ವಿಷಯ ಬೆಳಕಿಗೆ ಬಂತು: ವಿಂಡೋಸ್‌ಗೆ ತಾನು ಬೂಟ್ ಆಗಬೇಕಾದ ಡಿಸ್ಕೇ ಕೈಗೆಟುಕುತ್ತಿರಲಿಲ್ಲ. ಬಯೋಸ್ ಬದಲಾದಾಗ ಸೆಟ್ಟಿಂಗುಗಳೆಲ್ಲ ಮೂಲಸ್ಥಿತಿಗೆ ಮರಳಿದ್ದವು, ಡಿಸ್ಕಿನೊಂದಿಗೆ ಮಾತಾಡುವ ವಿಧಾನವಾದ ಸಾಟಾ ಮೋಡ್ ಎಎಚ್‌ಸಿಐನಿಂದ ಹಳೆಯ ಐಡಿಇಗೆ ಜಾರಿತ್ತು. ಅದನ್ನು ಸರಿಪಡಿಸಿ ವಿಂಡೋಸ್ ಒಳಹೊಕ್ಕರೆ ಅದೇ 3.2 ಜಿಬಿ! ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದ್ದೆನೋ ಆ ರೀಮ್ಯಾಪ್ ಆಯ್ಕೆ ಬಯೋಸಿನಲ್ಲಿ ಹೊಸದಾಗಿ ಕಾಣಿಸಿಕೊಂಡಿತ್ತು, ಆದರೆ ಆಫ್ ಆಗಿತ್ತು. ಅಪ್‌ಡೇಟ್‌ಗೆ ಮುಂಚೆ ಬಯೋಸಿನ ಪ್ರತಿ ಪುಟದ ಫೋಟೋ ತೆಗೆದಿಟ್ಟಿದ್ದರೆ ಒಂದೂವರೆ ದಿನ ಉಳಿಯುತ್ತಿತ್ತು.

ಆಯ್ಕೆಯನ್ನು ಆನ್ ಮಾಡಿದ ಮೇಲೆ ಪೂರ್ಣ 4 ಜಿಬಿ ಸಿಕ್ಕಿತು, ಇನ್ನೆರಡು ಮಾಡ್ಯೂಲ್ ಸೇರಿಸಿದಾಗ 8 ಆಯಿತು. 4 ಜಿಬಿಯ ಡಿಡಿಆರ್2 ಮಾಡ್ಯೂಲುಗಳು ಅಗ್ಗಕ್ಕೆ ಸಿಗುತ್ತವೆಂದು ಮೊದಲು ಆಸೆಪಟ್ಟಿದ್ದೆ. ಅಂಥ ಅಗ್ಗದ ಸರಕು ಬಹುಪಾಲು ಎಎಂಡಿ ಪ್ರೊಸೆಸರುಗಳಿಗಷ್ಟೇ ಹೊಂದುವಂಥದ್ದು, ಇಂಟೆಲ್ ಬೋರ್ಡುಗಳಿಗೆ ಅದು ದಕ್ಕುವುದಿಲ್ಲ.

ಲಿನಕ್ಸ್‌ನಲ್ಲಿ ಯಂತ್ರದ ವಿವರ ಕೊಡುವ ಡಿಎಂಐಡಿಕೋಡ್ ಎಂಬ ಆದೇಶ ತೋರಿಸುವ ಗರಿಷ್ಠ ಸಾಮರ್ಥ್ಯವನ್ನು ಮಾತ್ರ ವೇದವಾಕ್ಯವೆಂದು ತಿಳಿಯಬಾರದು, ಏಕೆಂದರೆ ಅದು ಬಯೋಸ್ ತನ್ನ ಬಗ್ಗೆ ತಾನೇ ಬರೆದುಕೊಂಡ ಮಾತು. ಚಿಪ್‌ಸೆಟ್‌ನ ಡೇಟಾಶೀಟ್ (ತಯಾರಕರ ತಾಂತ್ರಿಕ ವಿವರಪತ್ರ) ನೋಡುವುದೇ ಸರಿ. ಮೆಮೊರಿ ನಿಯಂತ್ರಕವು ಪ್ರೊಸೆಸರಿನೊಳಗೇ ಸೇರಿಕೊಂಡಿರುವ ನಂತರದ ಕಂಪ್ಯೂಟರುಗಳಲ್ಲಿ ಪ್ರೊಸೆಸರಿನ ವಿವರವನ್ನೂ ನೋಡಬೇಕು. ಇಂಟೆಲ್‌ನ 9ನೇ ಪೀಳಿಗೆಯ ಡೆಸ್ಕ್‌ಟಾಪ್‌ಗಳಲ್ಲಿ 64 ಜಿಬಿ ಎಂದಿದ್ದ ಮಿತಿ, 32 ಜಿಬಿಯ ಮಾಡ್ಯೂಲುಗಳು ಬಂದ ಮೇಲೆ ಬಯೋಸ್ ಅಪ್‌ಡೇಟಿನಿಂದಲೇ 128ಕ್ಕೆ ಏರಿತು. ವಿಂಡೋಸ್‌ನ ಆವೃತ್ತಿಯೂ ತನ್ನದೇ ಗೆರೆ ಎಳೆದಿರುತ್ತದೆ: 64 ಬಿಟ್‌ನ ವಿಂಡೋಸ್ 7 ಹೋಮ್ ಬೇಸಿಕ್‌ಗೆ 8 ಜಿಬಿ, ಹೋಮ್ ಪ್ರೀಮಿಯಂಗೆ 16.

ಎಸ್‌ಎಸ್‌ಡಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಲ್ಯಾಪ್‌ಟಾಪಿನ ಸಾಟಾ ವೇಗ ಸೆಕೆಂಡಿಗೆ 1.5 ಗಿಗಾಬಿಟ್ ಮಾತ್ರ, ಆದ್ದರಿಂದ ಹೊಸ ಡಿಸ್ಕಿನ ಪೂರ್ಣ ವೇಗ ಅಲ್ಲಿ ಹೊಮ್ಮುವುದಿಲ್ಲ. ಆದರೂ ಚದುರಿದ ಸಣ್ಣ ಕಡತಗಳನ್ನು ಓದುವಾಗ ತಿರುಗುವ ತಟ್ಟೆಗಾಗಿ ಕಾಯುವುದು ತಪ್ಪಿತು, ಮೆಮೊರಿ ತುಂಬಿ ಸ್ವಾಪ್ (ಮೆಮೊರಿಯಲ್ಲಿದ್ದುದನ್ನು ಡಿಸ್ಕಿಗೆ ಸಾಗಿಸುವುದು) ಆರಂಭವಾದಾಗಲೂ ಕಂಪ್ಯೂಟರ್ ಮೊದಲಿನಂತೆ ಕಲ್ಲಾಗಿ ನಿಲ್ಲುವುದಿಲ್ಲ.

ನನ್ನ ಕೆಲಸ ಬರವಣಿಗೆ, ಒಂದಿಷ್ಟು ಪಿಡಿಎಫ್, ಹತ್ತರೊಳಗಿನ ಟ್ಯಾಬುಗಳು. ಇದಕ್ಕೆ 3 ಜಿಬಿ ಸಾಲುತ್ತದೆ, ಮೇಲಾಗಿ ಎಸ್‌ಎಸ್‌ಡಿಯನ್ನು ನಾಳೆ ಬೇರೆ ಕಂಪ್ಯೂಟರಿಗೂ ಹಾಕಿಕೊಳ್ಳಬಹುದು, ಡಿಡಿಆರ್2 ಮೆಮೊರಿಗೆ ಆ ಭಾಗ್ಯವಿಲ್ಲ. ಹೆಚ್ಚು ಮೆಮೊರಿ ಬೇಡುವ ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೊಂದು ತಂತ್ರಾಂಶದ ಕಂಪ್ಯೂಟರ್) ನಡೆಸುವವರಾದರೆ, ಡೇಟಾಶೀಟಿನ ಅಂಕಿ ಬಯೋಸಿನ ಅಂಕಿಗಿಂತ ದೊಡ್ಡದಾಗಿದ್ದಲ್ಲಿ, ಅಪ್‌ಡೇಟ್ ಮಾಡುವುದು ಖಂಡಿತ ಯೋಗ್ಯ. 8 ಜಿಬಿಯ ಡೆಸ್ಕ್‌ಟಾಪನ್ನು ನಾನು ಅದಕ್ಕಾಗಿಯೇ ಇಟ್ಟುಕೊಂಡಿದ್ದೇನೆ, ತಿಂಗಳಿಗೊಮ್ಮೆ ಆನ್ ಮಾಡುತ್ತೇನೆ. ಈ ಬರಹವನ್ನು ಮಾತ್ರ ಮಿತಿ ಏರದ ಲ್ಯಾಪ್‌ಟಾಪಿನಲ್ಲೇ ಟೈಪ್ ಮಾಡಿದ್ದು.