ಮಾರೋವಿಂಡ್: ಮೆಟ್ಟಿಲಿಲ್ಲದ ಗೋಪುರಗಳ ರಾಜಕೀಯ

ಬೆಥೆಸ್ಡಾ ಸಂಸ್ಥೆ 2002ರಲ್ಲಿ ಹೊರತಂದ ‘ದಿ ಎಲ್ಡರ್ ಸ್ಕ್ರೋಲ್ಸ್ 3: ಮಾರೋವಿಂಡ್’ ಎಂಬ ವಿಡಿಯೊ ಆಟವನ್ನು ನಾನು ಈಚೆಗೆ ಮೂರನೆಯ ಬಾರಿ ಆಡಿ ಮುಗಿಸಿದೆ. ಇದರ ಕಾಳಗ ಹಳೆಯದಾಗಿದೆ, ಚಿತ್ರಗಳೂ ಹಳೆಯವಾಗಿವೆ. ಆದರೆ ಒಂದು ಕಲ್ಪಿತ ನಾಡಿನ ಜನರು ತಮ್ಮನ್ನು ತಾವು ಹೇಗೆ ಆಳಿಕೊಳ್ಳುತ್ತಾರೆ ಎಂಬುದನ್ನು ಇಷ್ಟು ಶ್ರದ್ಧೆಯಿಂದ ಕಟ್ಟಿಕೊಟ್ಟ ಇನ್ನೊಂದು ಆಟವನ್ನು ನಾನು ಕಂಡಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಅದರ ರಾಜಕೀಯ ವ್ಯವಸ್ಥೆಯನ್ನೇ ಮುಖ್ಯವಾಗಿ ಪರಿಶೀಲಿಸಿದ್ದೇನೆ.

ಆಟ ನಡೆಯುವುದು ವಾರ್ಡನ್‌ಫೆಲ್ ಎಂಬ ದ್ವೀಪದಲ್ಲಿ. ಅದರ ನಡುವೆ ಬೂದಿ ಉಗುಳುವ ಒಂದು ಜ್ವಾಲಾಮುಖಿಯಿದೆ. ಬೂದಿ ಬಣ್ಣದ ಮೈ ಮತ್ತು ಕೆಂಪು ಕಣ್ಣುಗಳ ಡನ್ಮರ್ ಜನಾಂಗದ ಈ ನಾಡು ಒಂದು ಒಡಂಬಡಿಕೆಯ ಮೂಲಕ ಸಾಮ್ರಾಜ್ಯಕ್ಕೆ ಸೇರಿದೆ. ಡನ್ಮರ್ ಜನರ ದೇವರಾದ ವಿವೆಕ್ ಸಾಮ್ರಾಟನಿಗೆ ಒಂದು ಮಹಾಯಂತ್ರವನ್ನು ಒಪ್ಪಿಸಿ, ಅದಕ್ಕೆ ಪ್ರತಿಯಾಗಿ ತನ್ನ ಜನರ ಧರ್ಮ, ಕಾನೂನು ಮತ್ತು ಪದ್ಧತಿಗಳನ್ನು ಹಾಗೆಯೇ ಉಳಿಸಿಕೊಂಡಿದ್ದಾನೆ. ಹಾಗೆ ಉಳಿದ ಪದ್ಧತಿಗಳಲ್ಲಿ ಗುಲಾಮಗಿರಿಯೂ ಒಂದು. ಅರಮನೆಯಲ್ಲಿ ಅರಸರೂ ಪಕ್ಕದಲ್ಲಿ ಬ್ರಿಟಿಷ್ ರೆಸಿಡೆಂಟರೂ ಇದ್ದ ಮೈಸೂರಿನ ಇತಿಹಾಸವನ್ನು ಓದಿದವರಿಗೆ, ಕೋಟೆಯಲ್ಲಿ ಸಾಮ್ರಾಜ್ಯದ ಸೈನಿಕರೂ ಊರಿನಲ್ಲಿ ಮನೆತನದ ಕಾವಲುಗಾರರೂ ಇರುವ ಇಂತಹ ಎರಡು ಹಂತದ ಆಳ್ವಿಕೆ ಅಪರಿಚಿತವೆನಿಸುವುದಿಲ್ಲ.

ಡನ್ಮರ್ ಜನರಲ್ಲಿ ಐದು ಮಹಾ ಮನೆತನಗಳಿವೆ. ದ್ವೀಪದಲ್ಲಿ ನಮಗೆ ಹತ್ತಿರದಿಂದ ಕಾಣಸಿಗುವವು ಹ್ಲಾಲು, ರೆಡೋರಾನ್ ಮತ್ತು ಟೆಲ್ವಾನಿ ಎಂಬ ಮೂರು. ಪ್ರತಿಯೊಂದಕ್ಕೂ ಒಂದು ಸಲಹಾ ಸಭೆಯಿದೆ, ಆದರೆ ಸಭೆ ಎಂಬ ಹೆಸರೊಂದೇ ಅವುಗಳಿಗೆ ಸಮಾನವಾದದ್ದು. ಹ್ಲಾಲು ವ್ಯಾಪಾರಿಗಳ ಮನೆತನ. ಸಾಮ್ರಾಜ್ಯದೊಂದಿಗೆ ಹೊಂದಿಕೊಂಡು ಬೆಳೆದದ್ದು. ಅದರ ಸಭೆಯಲ್ಲಿ ಡನ್ಮರ್ ಅಲ್ಲದ ಹೊರನಾಡಿನವರೂ ಕುಳಿತಿದ್ದಾರೆ. ಯೋಧರ ಮನೆತನವಾದ ರೆಡೋರಾನ್‌ಗೆ ಮಾನ ಮತ್ತು ಕರ್ತವ್ಯಗಳೇ ಎಲ್ಲ. ಅದರ ಸಭಾಸದರು ಆಲ್ಡ್‌ರೂನ್ ಪಟ್ಟಣದಲ್ಲಿ, ಬೆಟ್ಟದಷ್ಟು ದೊಡ್ಡದಾದ ಒಂದು ಸತ್ತ ಏಡಿಯ ಚಿಪ್ಪಿನೊಳಗೆ ಮನೆ ಮಾಡಿಕೊಂಡಿದ್ದಾರೆ.

ಟೆಲ್ವಾನಿಯ ಬಗೆಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಇವರು ಮಾಂತ್ರಿಕರು. ಮಂತ್ರದಿಂದ ಬೆಳೆಸಿದ ಭಾರಿ ಅಣಬೆಗಳೇ ಇವರ ಗೋಪುರಗಳು. ನಾನು ಮೊದಲ ಸಲ ಅಂತಹ ಗೋಪುರವೊಂದನ್ನು ಹೊಕ್ಕಾಗ, ಒಡೆಯನನ್ನು ಕಾಣಬೇಕಾದರೆ ಎಲ್ಲಿ ಹತ್ತಬೇಕೆಂದು ತಿಳಿಯದೆ ಬಹಳ ಹೊತ್ತು ಸುತ್ತಾಡಿದೆ. ಕೊನೆಗೆ ತಲೆ ಎತ್ತಿ ನೋಡಿದಾಗ ಮೇಲಕ್ಕೆ ಹೋಗುವ ಒಂದು ಬರಿಯ ಕೊಳವೆ ಕಂಡಿತು. ಅದರಲ್ಲಿ ಒಂದೇ ಒಂದು ಮೆಟ್ಟಿಲೂ ಇರಲಿಲ್ಲ. ಗಾಳಿಯಲ್ಲಿ ತೇಲುವ ಮಂತ್ರವನ್ನು ಬಲ್ಲವರು, ಇಲ್ಲವೇ ಅದಕ್ಕೆ ಬೇಕಾದ ಔಷಧಿಯನ್ನು ಕೊಳ್ಳಬಲ್ಲವರು ಮಾತ್ರ ಒಡೆಯನ ಮುಂದೆ ನಿಲ್ಲಬಹುದು. ಯಾರ ಮಾತಿಗೆ ಇಲ್ಲಿ ಬೆಲೆಯಿದೆ, ಯಾರ ಮಾತಿಗಿಲ್ಲ ಎಂಬುದನ್ನು ಆ ಕಟ್ಟಡವೇ ಹೇಳಿಬಿಡುತ್ತದೆ. ಸಭೆಗೂ ಈ ಒಡೆಯರು ತಾವಾಗಿ ಬರುವುದಿಲ್ಲ. ಅವರ ಪರವಾಗಿ ‘ಬಾಯಿ’ಗಳೆಂಬ ಪದವಿಯ ಪ್ರತಿನಿಧಿಗಳು ಸಾದ್ರಿತ್ ಮೋರಾದ ಸಭಾಭವನದಲ್ಲಿ ಕುಳಿತಿರುತ್ತಾರೆ. ಮೇಲಿನವರನ್ನು ಕೊಂದು ಅವರ ಸ್ಥಾನವನ್ನು ಪಡೆಯುವುದು ಈ ಮನೆತನದಲ್ಲಿ ಅಪರಾಧವಲ್ಲ. ಗೆದ್ದವನ ವಾದವೇ ಸರಿಯಾದ ವಾದ.

ಈ ಎಲ್ಲ ವಿವರಗಳೂ ಸಂಭಾಷಣೆಗಳಲ್ಲೂ ಆಟದೊಳಗಿನ ಪುಸ್ತಕಗಳಲ್ಲೂ ಉಳಿದುಬಿಟ್ಟಿದ್ದರೆ ನಾನು ಇಷ್ಟು ಮೆಚ್ಚುತ್ತಿರಲಿಲ್ಲ. ಆಟದ ಉತ್ತರಾರ್ಧದಲ್ಲಿ, ಮುಂಬರುವ ಯುದ್ಧಕ್ಕೆ ನಾಯಕನೆಂದು, ಅಂದರೆ ‘ಹಾರ್ಟೇಟರ್’ ಎಂದು, ಮೂರು ಮನೆತನಗಳಿಂದಲೂ ನಾವು ಮನ್ನಣೆ ಪಡೆಯಬೇಕಾಗುತ್ತದೆ. ಕಾರಣ ಒಂದೇ, ಕೇಳಬೇಕಾದ ಸಮ್ಮತಿಯೂ ಒಂದೇ. ಆದರೆ ಕೇಳುವ ರೀತಿ ಮನೆತನದಿಂದ ಮನೆತನಕ್ಕೆ ಬದಲಾಗುತ್ತದೆ. ಹ್ಲಾಲು ಸಭೆಯ ಕ್ರಾಸಿಯಸ್ ಕ್ಯೂರಿಯೋ ನೇರವಾಗಿ 1000 ನಾಣ್ಯಗಳ ‘ಕಾಣಿಕೆ’ ಕೇಳುತ್ತಾನೆ. ಇನ್ನಿಬ್ಬರು ಸಭಾಸದರು ಓರ್ವಾಸ್ ಡ್ರೆನ್ ಎಂಬ ಪಾತಕಲೋಕದ ದೊರೆಯ ಹಿಡಿತದಲ್ಲಿರುವುದರಿಂದ ಮೊದಲು ಅವನ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳದೆ ಗತ್ಯಂತರವಿಲ್ಲ. ರೆಡೋರಾನ್‌ನಲ್ಲಿ ಅಥಿನ್ ಸಾರೆತಿಯ ಮಗನನ್ನು ಸೆರೆಯಿಂದ ಬಿಡಿಸಿ ಅವನ ವಿಶ್ವಾಸ ಗಳಿಸಿದ ಮೇಲೆ ಉಳಿದವರ ಬಾಗಿಲು ತೆರೆಯುತ್ತದೆ. ಕೊನೆಗೆ ಮನೆತನದ ಮುಖ್ಯಸ್ಥ ಬೋಲ್ವಿನ್ ವೆನಿಮ್‌ನೊಡನೆ ವಿವೆಕ್ ನಗರದ ಅಖಾಡದಲ್ಲಿ ದ್ವಂದ್ವಯುದ್ಧ ಮಾಡಬೇಕಾಗುತ್ತದೆ. ಟೆಲ್ವಾನಿಯ ಮುಖ್ಯಸ್ಥ ಗಾತ್ರೆನ್ ಆಗಲಿ ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಯೋಚಿಸುತ್ತೇನೆ ಎಂದು ಮುಂದೂಡುತ್ತಲೇ ಇರುತ್ತಾನೆ. ಅವನು ಎಂದಿಗೂ ಒಪ್ಪುವವನಲ್ಲ, ಅವನನ್ನು ಕೊಲ್ಲುವುದೊಂದೇ ದಾರಿ ಎಂದು ಅದೇ ಮನೆತನದ ಆರ್ಯಾನ್ ತಿಳಿಸುತ್ತಾನೆ. ಒಂದೇ ಪದವಿಯನ್ನು ಒಂದು ಕಡೆ ಹಣದಿಂದ, ಇನ್ನೊಂದು ಕಡೆ ಮಾನದಿಂದ, ಮತ್ತೊಂದು ಕಡೆ ಕೊಲೆಯಿಂದ ಪಡೆದಾಗ, ನ್ಯಾಯಸಮ್ಮತವಾದ ಅಧಿಕಾರವೆಂದರೆ ಯಾವುದು ಎಂಬ ಪ್ರಶ್ನೆಯನ್ನು ಆಟಗಾರನು ತನ್ನ ಕೈಯಾರೆ ಮಾಡಿದ ಕೆಲಸಗಳ ಮೂಲಕವೇ ಎದುರಿಸುತ್ತಾನೆ.

ಮನೆತನಗಳ ಹೊರಗೆ, ಬೂದಿಯ ಬಯಲಿನಲ್ಲಿ ಆಶ್‌ಲ್ಯಾಂಡರ್ ಎಂಬ ಅಲೆಮಾರಿಗಳ ನಾಲ್ಕು ಬುಡಕಟ್ಟುಗಳಿವೆ. ಅವರಿಂದಲೂ ಪ್ರತ್ಯೇಕವಾಗಿ ಮನ್ನಣೆ ಪಡೆಯಬೇಕು. ಯುದ್ಧ ಮತ್ತು ಬೇಟೆಯ ವಿಷಯದಲ್ಲಿ ಆಶ್‌ಖಾನ್ ಎಂಬ ನಾಯಕನ ಮಾತು ನಡೆದರೆ, ಕನಸು, ಶಕುನ ಮತ್ತು ಹಿಂದಿನವರ ನೆನಪಿನ ವಿಷಯದಲ್ಲಿ ಜ್ಞಾನಿ ಹೆಂಗಸಿನ ಮಾತು ನಡೆಯುತ್ತದೆ. ಅಹೆಮ್ಮುಸಾ ಬುಡಕಟ್ಟಿಗೆ ಆಶ್‌ಖಾನ್ ಇಲ್ಲ. ಸಿನ್ನಮ್ಮು ಮಿರ್ಪಾಲ್ ಎಂಬ ಜ್ಞಾನಿ ಹೆಂಗಸೇ ಅವರನ್ನು ನಡೆಸುತ್ತಾಳೆ. ಅವಳು ತನಗಾಗಿ ಏನನ್ನೂ ಕೇಳದೆ, ಅಪಾಯ ಬಂದಾಗ ತನ್ನ ಜನ ಹೋಗಿ ನಿಲ್ಲಬಹುದಾದ ಒಂದು ಸುರಕ್ಷಿತ ಜಾಗವನ್ನು ಕೇಳುತ್ತಾಳೆ. ಇಡೀ ಆಟದಲ್ಲಿ ಆಳುವವರೊಬ್ಬರು ನನ್ನ ಮುಂದಿಟ್ಟ ಬೇಡಿಕೆಗಳಲ್ಲಿ ಇದರಷ್ಟು ಮನಸ್ಸಿಗೆ ತಟ್ಟಿದ್ದು ಬೇರೊಂದಿಲ್ಲ.

ಇವೆಲ್ಲದರ ಮೇಲೆ ದೇವಾಲಯದ ಆಳ್ವಿಕೆಯಿದೆ. ವಿವೆಕ್ ಅರಮನೆಯಲ್ಲಿ ಕುಳಿತಿರುವ ಜೀವಂತ ದೇವರು. ಸಮಯ ಬಂದಾಗ ಅವನೊಡನೆ ಎದುರುಬದುರು ಮಾತನಾಡಬಹುದು. ಅವನ ನಗರದ ಮೇಲೆ, ಗಾಳಿಯಲ್ಲಿ ತೂಗುತ್ತಿರುವ ಒಂದು ಬಂಡೆಯನ್ನು ಕೊರೆದು ಸೆರೆಮನೆ ಮಾಡಲಾಗಿದೆ. ದೇವಾಲಯವನ್ನು ಪ್ರಶ್ನಿಸಿದವರನ್ನು ಇಡುವುದು ಅಲ್ಲಿಯೇ. ಊರಿನ ಯಾವ ಸೇತುವೆಯ ಮೇಲೆ ನಿಂತು ನೋಡಿದರೂ ಆ ಬಂಡೆ ಕಣ್ಣಿಗೆ ಬೀಳುತ್ತದೆ. ಕಾನೂನಿನ ವಿಷಯದಲ್ಲೂ ಇಂತಹದೇ ನಿಖರತೆಯಿದೆ: ಮೊರಾಗ್ ಟಾಂಗ್ ಎಂಬ ಹಂತಕರ ಸಂಘ ಇಲ್ಲಿ ಕಾನೂನುಬದ್ಧವಾದದ್ದು, ಕೊಲೆ ಮಾಡಿದ ಮೇಲೆ ಸಂಘದ ಆಜ್ಞಾಪತ್ರವನ್ನು ಕಾವಲುಗಾರನಿಗೆ ತೋರಿಸಿದರೆ ಅವನು ಅದನ್ನು ಓದಿ ಸುಮ್ಮನೆ ಬಿಟ್ಟುಬಿಡುತ್ತಾನೆ.

ಕೊರತೆಗಳನ್ನೂ ಮುಚ್ಚಿಡದೆ ಹೇಳಬೇಕು. ನನ್ನ ದೊಡ್ಡ ತಕರಾರು ಗುಲಾಮಗಿರಿಯ ಕುರಿತಾದದ್ದು. ಡ್ರೆನ್ ಕುಟುಂಬವೊಂದರಲ್ಲೇ ಅಣ್ಣ ಸಾಮ್ರಾಜ್ಯದ ಡ್ಯೂಕ್, ತಮ್ಮ ಗುಲಾಮರನ್ನು ದುಡಿಸುವ ತೋಟದ ಒಡೆಯ, ಡ್ಯೂಕನ ಮಗಳು ಇಲ್ಮೆನಿ ಗುಲಾಮರನ್ನು ಗುಟ್ಟಾಗಿ ಪಾರುಮಾಡುವ ಗುಂಪಿನವಳು. ಒಂದು ನಾಡಿನ ಒಳಜಗಳವನ್ನು ಒಂದು ಮನೆಯೊಳಗೆ ತಂದಿಟ್ಟ ಈ ರಚನೆ ಅದ್ಭುತವಾದದ್ದು. ಆದರೆ ನಾವು ಎಷ್ಟು ಗುಲಾಮರ ಕೈಕಡಗ ಬಿಚ್ಚಿದರೂ ಟೆಲ್ ಅರೂನ್‌ನ ಗುಲಾಮರ ಸಂತೆ ಎಂದಿನಂತೆಯೇ ನಡೆಯುತ್ತದೆ. ಎಲ್ಲ ಮನೆತನಗಳಿಗೂ ನಾಯಕನಾದ ಮೇಲೂ ಈ ಕುರಿತು ಸಭೆಯಲ್ಲಿ ಒಂದು ಮಾತನ್ನಾಡಲು ಅವಕಾಶವಿಲ್ಲ. ಅಧಿಕಾರವನ್ನು ಪಡೆಯುವ ದಾರಿಯನ್ನು ಇಷ್ಟು ಚೆನ್ನಾಗಿ ಕಟ್ಟಿದವರು ಅದನ್ನು ಚಲಾಯಿಸುವ ಬಗೆಯನ್ನು ಕಟ್ಟದೆ ಬಿಟ್ಟದ್ದು ನನಗೆ ನಿಜಕ್ಕೂ ನೋವುಂಟುಮಾಡಿದೆ. ಇಂಡೋರಿಲ್ ಮತ್ತು ಡ್ರೆಸ್ ಎಂಬ ಉಳಿದೆರಡು ಮನೆತನಗಳು ಮುಖ್ಯ ಭೂಭಾಗದಲ್ಲಿರುವುದರಿಂದ ಅವುಗಳನ್ನು ಸೇರುವ ಅವಕಾಶವೇ ಇಲ್ಲ.

ಕೊಳ್ಳುವವರಿಗೆ ಕೆಲವು ಮಾತುಗಳು. ಸ್ಟೀಮ್ ಮತ್ತು ಗಾಗ್ ಎಂಬ ಆನ್‌ಲೈನ್ ಅಂಗಡಿಗಳಲ್ಲಿ ದೊರೆಯುವ ಆವೃತ್ತಿಯಲ್ಲಿ ಎರಡೂ ವಿಸ್ತರಣೆಗಳು ಸೇರಿವೆ. ಹಳೆಯ ಎಂಜಿನ್, ಅಂದರೆ ಆಟವನ್ನು ನಡೆಸುವ ತಂತ್ರಾಂಶ, ಇಂದಿನ ಗಣಕಯಂತ್ರಗಳಲ್ಲಿ ತೊಡಕುಂಟುಮಾಡಬಹುದು. ಹಾಗಾಗಿ ಆಟವನ್ನು ಕೊಂಡು, ಉಚಿತವಾಗಿ ದೊರೆಯುವ ಓಪನ್‌ಎಂಡಬ್ಲ್ಯೂ ಎಂಜಿನ್‌ನಲ್ಲಿ ಅದನ್ನು ನಡೆಸುವುದು ಒಳ್ಳೆಯದು. ಸಂಭಾಷಣೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಬರಹದ ರೂಪದಲ್ಲೇ ಇರುವುದರಿಂದ ಓದುವ ತಾಳ್ಮೆ ಬೇಕು. ಮೊದಲ ಕೆಲವು ಗಂಟೆಗಳಲ್ಲಿ ಬೀಸಿದ ಕತ್ತಿ ಮತ್ತೆ ಮತ್ತೆ ಗುರಿ ತಪ್ಪುತ್ತದೆ. ಪಾತ್ರದ ಕೌಶಲ್ಯ ಬೆಳೆದಂತೆ ಅದು ಸರಿಹೋಗುತ್ತದೆ. ಹೊಸಬರು ಮೊದಲು ರೆಡೋರಾನ್ ಮನೆತನವನ್ನು ಸೇರಲಿ. ಅದರ ಕೆಲಸಗಳು ನೇರವಾಗಿವೆ, ಜನರೂ ಬೇಗ ಅರ್ಥವಾಗುತ್ತಾರೆ. ಟೆಲ್ವಾನಿಯನ್ನು ಎರಡನೆಯ ಸಲಕ್ಕೆ ಉಳಿಸಿಕೊಳ್ಳಿ. ಆ ಗೋಪುರಗಳಿಗೆ ಹೋಗುವಾಗ ತೇಲುವ ಔಷಧಿಯ ಬಾಟಲಿಗಳನ್ನು ಮರೆಯದೆ ಜೊತೆಗಿಟ್ಟುಕೊಳ್ಳಿ.