ಇಎಂಸಿ ರಿಪೋರ್ಟಿನಲ್ಲಿ ‘ಪಾಸ್’ ನೋಡಿ ಸುಮ್ಮನಾಗಬೇಡಿ, ಎಷ್ಟರಲ್ಲಿ ಪಾಸ್ ಅಂತ ನೋಡಿ

ಹಾಸನ, ಚಿಕ್ಕಮಗಳೂರು ಕಡೆ ಸಣ್ಣದಾಗಿ ಎಲೆಕ್ಟ್ರಾನಿಕ್ಸ್ ತಯಾರಿಸುವವರು ಯಾರಾದರೂ ಇದ್ದರೆ ಇದನ್ನು ಓದಿ. ನಮಗಾದ ನಷ್ಟ ನಿಮಗೆ ಬೇಡ.

ನಾವು ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ತೇವಾಂಶ ಅಳೆಯುವ ಮೀಟರ್ ಮಾಡುತ್ತೇವೆ. ಯುರೋಪಿಗೆ ಕಳಿಸುವವರೊಬ್ಬರಿಂದ ಆರ್ಡರ್ ಬಂತು. ಇಎಂಸಿ ಟೆಸ್ಟ್ (ಮೀಟರ್ ಹೊರಬಿಡುವ ರೇಡಿಯೋ ತರಂಗ ಮಿತಿಯೊಳಗಿದೆಯಾ, ಹೊರಗಿನ ವಿದ್ಯುತ್ ಅಡಚಣೆಯನ್ನು ತಡೆಯುತ್ತದಾ ಅಂತ ನೋಡುವ ಪರೀಕ್ಷೆ) ಆಗಲೇಬೇಕು ಅಂದರು. ಪರಿಚಯದವರ ಮೂಲಕ ಬೆಂಗಳೂರಿನ ಕನ್ಸಲ್ಟೆಂಟ್ ಒಬ್ಬರು ಸಿಕ್ಕರು. ನಮ್ಮನ್ನು ಹೊರಗೆ ಕೂರಿಸಿ, ಚೇಂಬರಿನ (ಹೊರಗಿನ ರೇಡಿಯೋ ಸಿಗ್ನಲ್ ಬಾರದಂತೆ ಮುಚ್ಚಿದ ಟೆಸ್ಟ್ ಕೋಣೆ) ಕೆಲಸವೆಲ್ಲ ಅವರೇ ನೋಡಿಕೊಂಡರು. ಸಂಜೆ ಬಂದು, ‘ಪಾಸ್ ಆಯ್ತು ಸಾರ್, ಪ್ರೊಡಕ್ಷನ್ ಶುರು ಮಾಡಿ’ ಅಂದರು.

ರಿಪೋರ್ಟ್ ನೋಡಿದರೆ, 3 ಮೀಟರ್ ದೂರದಲ್ಲಿ 30ರಿಂದ 230 ಮೆಗಾಹರ್ಟ್ಸ್‌ವರೆಗೆ ಕ್ಲಾಸ್ ಬಿ (ಮನೆಗಳಿರುವ ಕಡೆ ಬಳಸುವ ಸಾಧನಗಳ) ಮಿತಿ 40 ಡಿಬಿ ಮೈಕ್ರೋವೋಲ್ಟ್ ಪರ್ ಮೀಟರ್. ನಮ್ಮದು 39.3. ಇಷ್ಟು ಅಂಚಿನಲ್ಲಿದ್ದರೆ ಪರವಾಗಿಲ್ವಾ ಅಂತ ಕೇಳಿದ್ದಕ್ಕೆ ನಕ್ಕುಬಿಟ್ಟರು. ‘ಪಾಸ್ ಅಂದ್ರೆ ಪಾಸ್!’

ಕಾಫಿ ಬೆಳೆಗಾರರು ಇಂಥ ಮಾತಿಗೆ ತಲೆಯಾಡಿಸುವುದಿಲ್ಲ. ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸುವ ಕಾಫಿ) ತೇವಾಂಶ 10 ಪರ್ಸೆಂಟ್ ಇರಬೇಕು ಅಂದರೆ, ತಮ್ಮ ಮೀಟರ್ ಸರಿಯಾಗಿ 10 ತೋರಿಸಿದ ಕೂಡಲೇ ಕಣದಿಂದ ಎತ್ತುತ್ತಾರಾ? ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಮೀಟರ್ 10.4 ತೋರಿಸಿದರೆ ಕಷ್ಟ ಅಂತ ಇನ್ನೊಂದಿಷ್ಟು ಒಣಗಿಸುತ್ತಾರೆ.

ಆರ್ಡರ್ ಕೊಟ್ಟವರು ನಮ್ಮ ಲಾಟಿನಿಂದ ಒಂದು ಪೀಸ್ ಎತ್ತಿ ಬೇರೆ ಲ್ಯಾಬಿಗೆ ಕೊಟ್ಟರು. 42.6 ಬಂತು. ಫೇಲ್. ಇಡೀ ಲಾಟ್ ವಾಪಸ್.

‘ಆ ಲ್ಯಾಬೇ ಸರಿಯಿಲ್ಲ’ ಅಂದರು ಕನ್ಸಲ್ಟೆಂಟ್. ಹಾಗೇನೂ ಇರಬೇಕಾಗಿಲ್ಲ. ಈ ಅಳತೆಯಲ್ಲೇ ಅನಿಶ್ಚಿತತೆ ಜಾಸ್ತಿ, ಅಂದರೆ ಅದೇ ಪೀಸ್ ಬೇರೆ ಲ್ಯಾಬಿನಲ್ಲಿ ಬೇರೆ ಅಂಕಿ ತೋರಿಸಬಹುದು. 30 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್‌ವರೆಗಿನ ರೇಡಿಯೇಟೆಡ್ (ಗಾಳಿಯಲ್ಲಿ ಹರಡುವ ತರಂಗದ) ಟೆಸ್ಟಿಗೆ ಅಂತರರಾಷ್ಟ್ರೀಯ ಮಾನದಂಡ ಸಿಐಎಸ್‌ಪಿಆರ್ 16-4-2 ಒಪ್ಪುವ ಅಂಕಿ 6.3 ಡಿಬಿ. ಲ್ಯಾಬಿನ ಅನಿಶ್ಚಿತತೆ ಆ ಅಂಕಿಯೊಳಗಿದ್ದರೆ, ಬಂದ ರೀಡಿಂಗನ್ನು ನೇರವಾಗಿ ಮಿತಿಗೆ ಹೋಲಿಸಿ ಪಾಸ್ ಅಂತ ಬರೆಯಬಹುದು. ನಿಯಮವೇ ಹಾಗಿದೆ. ಅಂದರೆ ಮೊದಲ ರಿಪೋರ್ಟೂ ಸುಳ್ಳಲ್ಲ. ಆದರೆ 6 ಡಿಬಿ ಅಂದರೆ ಫೀಲ್ಡ್ (ತರಂಗದ ಬಲ) ಎರಡರಷ್ಟು. ಅಂಥದ್ದರಲ್ಲಿ ಮಿತಿಗೂ ನಮ್ಮ ರೀಡಿಂಗಿಗೂ ಇದ್ದ 0.7 ಯಾವ ಲೆಕ್ಕ?

ಆಮೇಲೆ ರಿಪೋರ್ಟಿನ ಕೊನೆಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆವು. ಯುಎಸ್‌ಬಿ ಕೇಬಲ್ ಮೀಟರಿಗೆ ಸೇರುವಲ್ಲಿ ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಫೆರೈಟ್ ಕ್ಲಿಪ್ (ಕೇಬಲ್‌ನಿಂದ ಹೊರಡುವ ತರಂಗ ತಗ್ಗಿಸುವ ತುಂಡು)! ನಾವು ಕೊಟ್ಟ ಕೇಬಲ್‌ನಲ್ಲಿ ಅದು ಇರಲೇ ಇಲ್ಲ. ಚೇಂಬರಿನಲ್ಲಿ ಕನ್ಸಲ್ಟೆಂಟೇ ಹಾಕಿ, ನಮಗೆ ಒಂದು ಮಾತೂ ಹೇಳಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಇದಕ್ಕೆ.

ಹಾಗಾಗಿ ಟೆಸ್ಟ್ ನಡೆಯುವಾಗ ಒಳಗೆ ನಿಮ್ಮವರು ಒಬ್ಬರು ಇರಲಿ. ಎಷ್ಟು ಮಾರ್ಜಿನ್ (ರೀಡಿಂಗ್ ಮಿತಿಗಿಂತ ಎಷ್ಟು ಕೆಳಗಿರಬೇಕು ಅನ್ನೋದು) ಬೇಕು ಅಂತ ಮೊದಲೇ ಬರೆದುಕೊಡಿ. ಒಂದೇ ಪೀಸ್ ಟೆಸ್ಟ್ ಮಾಡಿಸುವುದಾದರೆ 6 ಡಿಬಿ ಕೇಳಿ. ಲಾಟಿನಿಂದ ನಾಲ್ಕೈದು ಪೀಸ್ ಅಳೆದು, ವ್ಯತ್ಯಾಸ ಕಡಿಮೆ ಅಂತ ಕಂಡರೆ 3–4 ಸಾಕು ಅನ್ನೋದು ನನ್ನ ಅಭಿಪ್ರಾಯ. 10 ಬೇಕು ಅಂತ ಹಟ ಹಿಡಿದರೆ ಶೀಲ್ಡಿಗೆ, ಫಿಲ್ಟರಿಗೆ ಸುಮ್ನೆ ದುಡ್ಡು ಸುರಿಯಬೇಕಾಗುತ್ತದೆ. ಕೇಬಲ್ ಹೇಗೆ ಇಳಿಬಿಟ್ಟಿದ್ದಾರೆ ಅನ್ನೋದರ ಫೋಟೋ ತೆಗೆದಿಟ್ಟುಕೊಳ್ಳಿ, ಅದು ಬದಲಾದರೂ ರೀಡಿಂಗ್ ಏರುಪೇರಾಗುತ್ತದೆ.

ಇಎಸ್‌ಡಿಯಂಥ (ಸ್ಥಿರ ವಿದ್ಯುತ್ತಿನ ಕಿಡಿ ಕೊಟ್ಟು ನೋಡುವ) ಟೆಸ್ಟಿನ ರಿಪೋರ್ಟಿನಲ್ಲಿ ಮಾರ್ಜಿನ್ ಸಾಮಾನ್ಯವಾಗಿ ಇರುವುದೇ ಇಲ್ಲ. ಕಾಂಟ್ಯಾಕ್ಟ್ (ನೇರ ಮುಟ್ಟಿಸಿ) 4 ಕಿಲೋವೋಲ್ಟ್, ಏರ್ (ಗಾಳಿಯ ಮೂಲಕ) 8 ಕಿಲೋವೋಲ್ಟ್ ತಡೆಯಿತಾ, ಪಾಸ್. ಅಲ್ಲಿಗೆ ನಿಲ್ಲಿಸಬೇಡಿ. ಮೀಟರ್ ಹ್ಯಾಂಗ್ ಆಗುವ ತನಕ ಏರಿಸಿ ಅಂತ ಹೇಳಿ. ಒಂದೆರಡು ಪೀಸ್ ಸುಟ್ಟು ಹೋಗಬಹುದು, ಜಾಸ್ತಿ ತಗೊಂಡು ಹೋಗಿ.